ಪ್ರಶ್ನೋತ್ತರ: ನೆಟ್‌ವರ್ಕ್ ಕೇಬಲ್‌ನಲ್ಲಿ ಮನೆಯ ಎಲ್ಲ ಟಿವಿಗೂ ಎಚ್‌ಡಿ ವಿಡಿಯೊ, ಮೋಲ್ಡ್‌ಗೆ (ತಾರಸಿ ಕಾಂಕ್ರೀಟಿಗೆ) ಮುಂಚೆ ಏನು ಹಾಕಿಸಬೇಕು?

ಅಡ್ಮಿನ್: ಸೆಟ್‌ಟಾಪ್ ಬಾಕ್ಸ್, ಪ್ಲೇಯರ್ ಎಲ್ಲ ಒಂದೇ ಕಡೆ ಇಟ್ಟು, ನೆಟ್‌ವರ್ಕ್ ಕೇಬಲ್‌ನಲ್ಲಿ ಕೋಣೆ ಕೋಣೆಗೂ ವಿಡಿಯೊ ಕಳಿಸೋದು ಹೇಗೆ ಅಂತ ಮನೆ ಕಟ್ಟಿಸ್ತಿರೋ ಹಲವರು ಕೇಳಿದ್ದಿರಿ. ಇದೇ ಕೆಲಸ ಮಾಡೋ ನಮ್ಮ ಸದಸ್ಯರೊಬ್ಬರು ಉತ್ತರ ಕೊಡ್ತಾರೆ. ಪ್ರಶ್ನೆ ಇಲ್ಲೇ ಕೆಳಗೆ ಹಾಕಿ.

ಹಾಸನ, 30×40 ಸೈಟು: ಸಾರ್, ಭಾನುವಾರ ಮೋಲ್ಡ್. ಹಾಲ್‌ನಲ್ಲಿ ಒಂದು ಟಿವಿ, ಮೇಲಿನ ಎರಡು ರೂಮಲ್ಲಿ ಒಂದೊಂದು. 'ಟಿವಿಗೆ ಜೋಡಿಸೋ ಎಚ್‌ಡಿಎಂಐ ಕೇಬಲ್ ತಂದುಕೊಡಿ, ಕಾಂಕ್ರೀಟ್ ಒಳಗೇ ಹಾಕಿಬಿಡ್ತೀನಿ' ಅಂತ ಮೇಸ್ತ್ರಿ ಹೇಳ್ತಿದ್ದಾರೆ. ತರಲಾ?

ವೈರಿಂಗ್‌ನವರು: ತರಬೇಡಿ. ಕಾಂಕ್ರೀಟ್ ಒಳಗೆ ಹೋಗಬೇಕಾದ್ದು ಪೈಪು, ಕೇಬಲ್ ಅಲ್ಲ. 4ಕೆ ಚಿತ್ರಕ್ಕೆ ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ತನಕ ಸಾಗಿಸುತ್ತೆ. ಸಾದಾ ತಾಮ್ರದ ಎಚ್‌ಡಿಎಂಐ ಕೇಬಲ್ ಐದಾರು ಮೀಟರ್ ದಾಟಿದ್ರೆ ಅಷ್ಟನ್ನ ಸರಿಯಾಗಿ ಸಾಗಿಸುತ್ತೆ ಅಂತ ನಂಬೋಕಾಗಲ್ಲ. ಆಮೇಲೆ ಬಂದ ಎಚ್‌ಡಿಎಂಐ 2.1ಕ್ಕೆ 48 ಗಿಗಾಬಿಟ್. ಕೇಬಲ್ ಹಳತಾಗುತ್ತೆ, ಪೈಪ್ ಆಗಲ್ಲ.

ಮೆಟ್ಟಿಲ ಕೆಳಗೋ ಲಾಫ್ಟ್ ಹತ್ರವೋ ಸೆಟ್‌ಟಾಪ್ ಬಾಕ್ಸ್, ಪ್ಲೇಯರ್ ಎಲ್ಲ ಇಡೋಕೆ ಗಾಳಿ ಆಡುವ ಒಂದು ಜಾಗ ಗುರುತು ಮಾಡಿ. ಅಲ್ಲಿಂದ ಪ್ರತಿ ಟಿವಿ ಜಾಗಕ್ಕೂ ಬೇರೆ ಬೇರೆ 25 ಎಂಎಂ ಪಿವಿಸಿ ಪೈಪ್ ಹೋಗಲಿ. ಒಂದು ಟಿವಿಯಿಂದ ಇನ್ನೊಂದಕ್ಕೆ ಜೋಡಿಸಿಕೊಂಡು ಹೋಗೋದು ಬೇಡ. ಪೈಪ್ ಸೇರೋ ಎರಡು ವೈರಿಂಗ್ ಬಾಕ್ಸ್ ನಡುವೆ ಎರಡಕ್ಕಿಂತ ಹೆಚ್ಚು ತಿರುವು ಇರಬಾರದು. ತಿರುವಿಗೆ ಉದ್ದದ ಬೆಂಡ್ ಹಾಕಿಸಿ, ಥಟ್ಟನೆ ತಿರುಗೋ ಎಲ್ಬೋ ಬೇಡ. ಆಮೇಲೆ ಕೇಬಲ್ ಎಳೆಯೋಕೆ ಅಂತ ಒಳಗೆ ಜಿಐ (ಕಬ್ಬಿಣದ) ತಂತಿ ಎಳೆದಿಟ್ಟು, ಸಿಮೆಂಟ್ ಹಾಲು ಇಳಿಯದ ಹಾಗೆ ಬಾಯಿಗೆ ಟೇಪ್ ಸುತ್ತಿಸಿ. ಗಾರೆ, ಪೇಂಟ್ ಎಲ್ಲ ಮುಗಿದ ಮೇಲೆ ಪ್ರತಿ ಪೈಪಲ್ಲಿ ಎರಡು ಕ್ಯಾಟ್ 6ಎ ನೆಟ್‌ವರ್ಕ್ ಕೇಬಲ್, ಡಿಶ್‌ಗೆ ಒಂದು ಆರ್‌ಜಿ 6 ಆಂಟೆನಾ ಕೇಬಲ್ ಎಳೆಸಿ.

ವಿಡಿಯೊ ಕಳಿಸೋ ಪದ್ಧತಿಯ ಹೆಸರು ಎಚ್‌ಡಿಬೇಸ್‌ಟಿ. 2010ರಲ್ಲಿ ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಪಿಕ್ಚರ್ಸ್, ವ್ಯಾಲೆನ್ಸ್ ಕಂಪನಿಗಳು ಸೇರಿ ತಂದದ್ದು. ಚಿತ್ರ, ಧ್ವನಿ, ರಿಮೋಟ್ ಸಿಗ್ನಲ್, ಕರೆಂಟು ಎಲ್ಲ ಒಂದೇ ಕೇಬಲ್‌ನಲ್ಲಿ ಹೋಗುತ್ತೆ. ಒಳ್ಳೆ ಕೇಬಲ್ ಇದ್ದರೆ 100 ಮೀಟರ್ ತನಕ ಸಾಗುತ್ತೆ. ಆದರೆ ಕಣ್ಣಿಗೆ ಇಂಟರ್ನೆಟ್ ಕೇಬಲ್ ಥರ ಕಾಣುತ್ತೆ ಅಂತ ಅದನ್ನ ನೆಟ್‌ವರ್ಕ್ ಸ್ವಿಚ್‌ಗೆ (ಇಂಟರ್ನೆಟ್ ಹಲವು ಕೇಬಲ್‌ಗೆ ಹಂಚೋ ಪೆಟ್ಟಿಗೆಗೆ) ಚುಚ್ಚಬೇಡಿ. ಕಳಿಸೋ ಪೆಟ್ಟಿಗೆಯಿಂದ ತಗೊಳ್ಳೋ ಪೆಟ್ಟಿಗೆಗೆ ನೇರವಾಗಿ, ನಡುವೆ ಜಾಯಿಂಟ್ ಇಲ್ಲದೆ ಹೋಗಬೇಕು.

ಮೈಸೂರು: ಕ್ಯಾಟ್ 6 ಸಾಕಾ? 7 ಹಾಕಿಸಿದ್ರೆ ಇನ್ನೂ ಒಳ್ಳೇದಲ್ವಾ?

ವೈರಿಂಗ್‌ನವರು: 6ಎ ಹಾಕಿಸಿ. ನಂಬರ್‌ಗಿಂತ ಒಳಗಿನ ಲೋಹ ಮುಖ್ಯ. ಅಗ್ಗದ ಕೇಬಲ್ ಬಾಕ್ಸ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರೋ ವೈರ್ ಬರುತ್ತೆ. ಚಾಕುವಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ಅಂಗಡಿಗೇ ವಾಪಸ್ ಕೊಡಿ. ಅದರಲ್ಲಿ ಕರೆಂಟು ಹರಿಸಿದ್ರೆ ಬಿಸಿಯಾಗುತ್ತೆ, ಬಗ್ಗಿಸಿದ್ರೆ ಮುರಿಯುತ್ತೆ.

ತುಮಕೂರು: ಪ್ರೊಜೆಕ್ಟರ್ ಹಾಕಿಸೋ ಗೋಡೆಗೆ ಯಾವ ಬಣ್ಣ ಒಳ್ಳೇದು?

ಮಂಗಳೂರು: ಮಾರಾಯ್ರೆ, ಈಗ ಟಿವಿಯಲ್ಲೇ ಎಲ್ಲ ಆ್ಯಪ್ ಉಂಟು. ವೈಫೈ ಉಂಟು. ಇಷ್ಟೆಲ್ಲ ಪೈಪ್ ಯಾರಿಗೆ ಬೇಕು?

ವೈರಿಂಗ್‌ನವರು: ಆ್ಯಪ್ ಮಾತ್ರ ನೋಡೋರಿಗೆ ಎಚ್‌ಡಿಬೇಸ್‌ಟಿ ಬೇಡ, ಟಿವಿ ಹಿಂದೆ ಒಂದು ಇಂಟರ್ನೆಟ್ ಪಾಯಿಂಟ್ ಸಾಕು. ಆ ಪಾಯಿಂಟ್‌ಗೂ ಪೈಪ್ ಬೇಕು. ಕಾಂಕ್ರೀಟ್, ಇಟ್ಟಿಗೆ ಗೋಡೆ ಎರಡು ದಾಟೋ ಹೊತ್ತಿಗೆ ವೈಫೈ ಸೊರಗಿರುತ್ತೆ.

ಮಂಗಳೂರು: ನಮ್ಮದು ಕೆಂಪು ಕಲ್ಲಿನ ಗೋಡೆ. ವೈಫೈ ಚಂದ ಬರ್ತದೆ.

ಬೆಂಗಳೂರು: ಬರೋದಾದ್ರೆ ಪ್ರಶ್ನೆ ಯಾಕೆ ಕೇಳಿದ್ರಿ? ಇಲ್ಲಿ ಕಷ್ಟ ಇರೋರು ಕೇಳ್ತಿದ್ದೀವಿ. ಸಾರ್, ನಾನು ಆನ್‌ಲೈನ್‌ನಲ್ಲಿ ತರಿಸಿದ ಎಚ್‌ಡಿಎಂಐ ಎಕ್ಸ್‌ಟೆಂಡರ್‌ನ (ಚಿತ್ರ ದೂರಕ್ಕೆ ಕಳಿಸೋ ಜೋಡಿ ಪೆಟ್ಟಿಗೆ) ರೂಟರ್‌ಗೆ ಸೇರಿಸಿದೆ. ಟಿವಿಯಲ್ಲಿ ಚಿತ್ರ ಬಂತು, ಮನೆಯ ಇಂಟರ್ನೆಟ್ ಪೂರ್ತಿ ನಿಂತುಹೋಯ್ತು. ಕಿತ್ತರೆ ಸರಿಯಾಗುತ್ತೆ.

ವೈರಿಂಗ್‌ನವರು: ನಿಮ್ಮದು ಎಚ್‌ಡಿಬೇಸ್‌ಟಿ ಅಲ್ಲ, ಚಿತ್ರವನ್ನ ನೆಟ್‌ವರ್ಕ್ ಮೂಲಕವೇ ಹಂಚುವ ಜಾತಿ. ಇಂಥವು ಎಷ್ಟೋ ಮಲ್ಟಿಕಾಸ್ಟ್‌ನಲ್ಲಿ, ಅಂದ್ರೆ ಒಂದೇ ಸಲ ಹಲವರಿಗೆ ಕಳಿಸೋ ಪದ್ಧತಿಯಲ್ಲಿ, ಕೆಲಸ ಮಾಡ್ತವೆ. ಸಾದಾ ಸ್ವಿಚ್‌ಗೆ ಅದನ್ನ ಯಾರು ಕೇಳಿದ್ದಾರೆ ಅಂತ ಗೊತ್ತಾಗಲ್ಲ, ಎಲ್ಲ ಪೋರ್ಟಿಗೂ ಸುರಿಯುತ್ತೆ. ವೈಫೈಗೂ ಅದೇ ಪ್ರವಾಹ ನುಗ್ಗಿ ಕಟ್ಟಿಹೋಗುತ್ತೆ. ಕೇಳಿದ ಪೋರ್ಟಿಗೆ ಮಾತ್ರ ಕಳಿಸೋ, ಐಜಿಎಂಪಿ ಸ್ನೂಪಿಂಗ್ ಇರೋ ಸ್ವಿಚ್ ಹಾಕಿ, ಇಲ್ಲವೇ ಆ ಎರಡು ಪೆಟ್ಟಿಗೆಗೆ ಬೇರೆಯೇ ಕೇಬಲ್ ಕೊಡಿ.

ಹುಬ್ಬಳ್ಳಿ: ಸರ್, ಇದು ಫಾರ್ವರ್ಡ್ ಬಂದದ ನೋಡ್ರಿ: 'ನೆಟ್‌ವರ್ಕ್ ಕೇಬಲ್‌ಗೆ ಅಡುಗೆಮನಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ರ ಕರೆಂಟಿನ ಪೈಪ್‌ನಾಗ ಹಾಕಬಹುದು, ಪೈಪಿನ ಖರ್ಚು ಅರ್ಧ ಉಳೀತದ.' ಖರೇ ಏನ್ರಿ?

ವೈರಿಂಗ್‌ನವರು: ಸುಳ್ಳು, ಅಪಾಯದ ಸುಳ್ಳು. 230 ವೋಲ್ಟಿನ ವೈರ್ ಎಳೆಯುವಾಗ ಸಿಪ್ಪೆ ಒಂದು ಕಡೆ ಕೆರೆದುಹೋದರೂ ಆ ಫಾಯಿಲ್ ಪೂರ್ತಿ ಕರೆಂಟ್ ಹೊತ್ತುಕೊಂಡು ನಿಮ್ಮ ಟಿವಿ ತನಕ ಬರುತ್ತೆ. ಬೇರೆ ಪೈಪ್, ಬೇರೆ ಬಾಕ್ಸ್. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ. ದಯವಿಟ್ಟು ಇದನ್ನ ಯಾರಿಗೂ ಕಳಿಸಬೇಡಿ. ಎಲೆಕ್ಟ್ರಿಷಿಯನ್‌ಗಳು ಒಂದೇ ಪೈಪಲ್ಲಿ ತುರುಕಿರೋದನ್ನ ನಾನು ಎಷ್ಟೋ ಮನೆಗಳಲ್ಲಿ ಬಿಚ್ಚಿದ್ದೀನಿ.

ದಾವಣಗೆರೆ, ಎಲೆಕ್ಟ್ರಿಷಿಯನ್: ಎಲ್ಲಾರ್ನೂ ಒಂದೇ ತಕ್ಕಡೀಲಿ ತೂಗಬ್ಯಾಡ್ರಿ. ಓನರ್ ಪಾಯಿಂಟ್ ಲೆಕ್ಕದಾಗೆ ದುಡ್ಡು ಕೊಡ್ತಾನೆ. ಖಾಲಿ ಪೈಪಿಗೆ ಪಾಯಿಂಟ್ ಇಲ್ಲ, ದುಡ್ಡೂ ಇಲ್ಲ. ಗೋಡೆ ಕಟಿಂಗ್ ಮಾಡೋ ಕೂಲಿ ನಾವು ಕೈಯಿಂದ ಹಾಕ್ಬೇಕಾ?

ಬೆಂಗಳೂರು: ದುಡ್ಡು ಕಡಿಮೆ ಅಂತ ಜೀವದ ಜೊತೆ ಆಟ ಆಡಬಹುದಾ?

ದಾವಣಗೆರೆ, ಎಲೆಕ್ಟ್ರಿಷಿಯನ್: ನಾನು ಆಡಿದೀನಿ ಅಂತ ಎಲ್ಲಿ ಹೇಳ್ದೆ? ಓದಿ ಮಾತಾಡ್ರಿ. ಟೈಲ್ಸ್‌ಗೆ ಲಕ್ಷ ಸುರೀತೀರಿ, ಪೈಪಿಗೆ ಚೌಕಾಶಿ.

ಮಂಗಳೂರು: ಅದು ಸರಿ ಹೇಳಿದರು.

ಬೆಂಗಳೂರು: ನಿಮಗೆ ವೈಫೈ ಚೆನ್ನಾಗಿ ಬರುತ್ತಲ್ಲ, ಸುಮ್ಮನಿರಿ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ವೈರಿಂಗ್‌ನವರು: ದಾವಣಗೆರೆಯವರ ಮಾತು ನ್ಯಾಯವಾದದ್ದು. ನಾನು ಎಲ್ಲರನ್ನೂ ಸೇರಿಸಿ ಹೇಳಬಾರದಿತ್ತು. ಖಾಲಿ ಪೈಪಿಗೂ ಅಡಿ ಲೆಕ್ಕದಲ್ಲಿ ಮೊದಲೇ ಕೂಲಿ ಮಾತಾಡಿಕೊಳ್ಳಿ.

ಸಾಗರ: ನಮ್ದು ತೋಟದ ಮನೆ. ಔಟ್‌ಹೌಸ್ 60 ಮೀಟರ್ ದೂರ, ಅಪ್ಪಯ್ಯ ಅಲ್ಲೇ ಮಲಗ್ತಾರೆ. ಶೀಲ್ಡ್ (ಸುತ್ತ ಲೋಹದ ಹೊದಿಕೆ) ಇರೋ ಕ್ಯಾಟ್ 6 ಕೇಬಲ್ ಅಡಿಕೆ ಮರಕ್ಕೆ ಕಟ್ಟಿ ಎಳೆದು ಎಕ್ಸ್‌ಟೆಂಡರ್ ಹಾಕಿದೀನಿ. ಹೋದ ಭರಣಿ ಮಳೆ ಗುಡುಗಿಗೆ ಎರಡೂ ಕಡೆ ಪೆಟ್ಟಿಗೆ ಸುಟ್ಟಿತ್ತು, ಹೊಸದು ತಂದೆ. ಚಿತ್ರ ಚೆನ್ನಾಗಿದೆ. ಟಿವಿ ಹಿಂದೆ ಮುಟ್ಟಿದ್ರೆ ಜುಂ ಅನ್ನತ್ತೆ ಅಂತಾರೆ ಅಪ್ಪಯ್ಯ. ಕೇಬಲ್ ಬದಲಿಸಬೇಕಾ?

ವೈರಿಂಗ್‌ನವರು: ಮೊದಲು ಎರಡೂ ಕಟ್ಟಡದ ಮೇನ್ ಆಫ್ ಮಾಡಿ, ಆಮೇಲೆ ಎರಡೂ ತುದಿಯಿಂದ ಕೇಬಲ್ ಕಿತ್ತಿಡಿ. ಈಗಲೇ. ಅಲ್ಲಿವರೆಗೆ ಅಪ್ಪಯ್ಯ ಟಿವಿ ಮುಟ್ಟೋದು ಬೇಡ. ಔಟ್‌ಹೌಸ್‌ಗೆ ಅರ್ಥಿಂಗ್ ಇದೆಯಾ?

ಮೈಸೂರು: ಮೂರು ಟಿವಿಗೆ ಕೇಬಲ್ ಖರ್ಚು ಎಷ್ಟಾಗಬಹುದು ಸಾರ್?

ಸಾಗರ: ಕಿತ್ತೆ. ಅರ್ಥ್ ಗುಂಡಿ ಇಲ್ಲ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಕೊಟ್ಟಿದಾರೆ.

ವೈರಿಂಗ್‌ನವರು: ನನಗೆ ಇದೇ ಭಯ ಇತ್ತು. ಎರಡು ಕಂಬಿಯ ಪ್ಲಗ್ ಇರೋ ಟಿವಿಗಳಲ್ಲಿ ಸಣ್ಣಗೆ ಜುಂ ಅನ್ನೋದು ಕೆಲವೊಮ್ಮೆ ಇರುತ್ತೆ ನಿಜ. ಆದರೆ ನಿಮ್ಮಲ್ಲಿ ಅಷ್ಟೇ ಅಂತ ಇಲ್ಲಿ ಕೂತು ಹೇಳೋಕೆ ಬರಲ್ಲ. ಮಳೆಗಾಳಿಗೆ ಔಟ್‌ಹೌಸ್‌ಗೆ ಬರೋ ನ್ಯೂಟ್ರಲ್ ವೈರ್ ಒಂದು ಕಡೆ ಕಡಿದರೆ, ಆ ತುಂಡು ವೈರ್‌ನಿಂದ ಅರ್ಥ್ ಪಿನ್ನಿಗೆ ಸೇರಿದ ಲೋಹವೆಲ್ಲ 230 ವೋಲ್ಟ್ ಆಗುತ್ತೆ. ಫ್ರಿಜ್ ಇದ್ದರೆ ಫ್ರಿಜ್, ಗೀಸರ್ ಇದ್ದರೆ ಗೀಸರ್. ನಿಮ್ಮ ಕೇಬಲ್‌ನ ಶೀಲ್ಡ್ ಅದನ್ನ ದೊಡ್ಡ ಮನೆಗೂ ತಂದುಬಿಡಬಹುದು. ನೀವು ಒಂದು ಟಿವಿಗೋಸ್ಕರ ಎರಡು ಮನೆಯ ಲೋಹವನ್ನ ಒಟ್ಟಿಗೆ ಕಟ್ಟಿದ ಹಾಗಾಗಿದೆ.

ಸಿಡಿಲಿನದೂ ಇದೇ ಕಥೆ. ಹತ್ತಿರ ಎಲ್ಲೋ ಹೊಡೆದರೂ ಎರಡು ಕಟ್ಟಡದ ನೆಲದ ನಡುವೆ ಕ್ಷಣಕಾಲ ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತೆ. ಅದು ಸಮವಾಗೋಕೆ ನೀವು ಕಟ್ಟಿದ ತಾಮ್ರದಲ್ಲೇ ದಾರಿ ಹುಡುಕುತ್ತೆ. ಹೊಸ ಕೇಬಲ್ ಹಾಕಿದ್ರೂ ಮುಂದಿನ ವರ್ಷ ಮತ್ತೆ ಸುಡುತ್ತೆ.

ನಾಳೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ. ಆ ತುಂಡು ವೈರ್ ತೆಗೆಯಲಿ, ಔಟ್‌ಹೌಸ್‌ಗೆ ಸರಿಯಾದ ಅರ್ಥಿಂಗ್ ಮಾಡಲಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಕೂರಿಸಲಿ. ಎಲ್ಲ ಮೀಟರ್ ಹಾಕಿ ತೋರಿಸಲಿ. ಆಮೇಲೆ ಟಿವಿ ವಿಷಯ: ಎರಡು ಕಟ್ಟಡದ ನಡುವೆ ಗಾಜಿನ ಎಳೆ ಇರೋ ಫೈಬರ್ ಕೇಬಲ್ ಎಳೆಯಿರಿ. ಗಾಜಿನಲ್ಲಿ ಕರೆಂಟ್ ಹರಿಯಲ್ಲ. ಮೇಲೆ ಕಟ್ಟೋ ಫೈಬರ್‌ಗೆ ಜೊತೆಯಲ್ಲಿ ಉಕ್ಕಿನ ತಂತಿ ಇರುತ್ತೆ, ಅದನ್ನ ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನ ನೆಟ್‌ವರ್ಕ್ ಕೇಬಲ್‌ಗೆ ಬದಲಿಸೋ ಪೆಟ್ಟಿಗೆ) ಹಾಕಿ ಇಂಟರ್ನೆಟ್ ಕೊಟ್ಟರೆ ಅಪ್ಪಯ್ಯನಿಗೆ ಬೇಕಾದ್ದು ಆ್ಯಪ್‌ನಲ್ಲೇ ಸಿಗುತ್ತೆ. ಗುಡುಗೋ ದಿನ ಕರೆಂಟಿನ ಪ್ಲಗ್ ಕೀಳೋದು ಆಗಲೂ ತಪ್ಪಲ್ಲ, ಯಾಕಂದ್ರೆ ಸಿಡಿಲು ಕರೆಂಟ್ ಲೈನಿನಲ್ಲೂ ಬರುತ್ತೆ.

ಹುಬ್ಬಳ್ಳಿ: ಅದೇ ಗುಂಪಿನ್ಯಾಗ ಇನ್ನೊಂದು ಬಂದದ. ಕೇಬಲ್ ನಡುವ ಒಂದು ಗಂಟು ಹಾಕಿದ್ರ ಸಿಡಿಲು ಅಲ್ಲೇ ನಿಲ್ತದಂತ...

ವೈರಿಂಗ್‌ನವರು: ನಿಲ್ಲಲ್ಲ. ಆ ಗುಂಪಿನದು ಇಲ್ಲಿ ಹಾಕಬೇಡಿ. ಮೇಲೆ ಒಬ್ಬರ ಮನೆಯ ಹಿರಿಯರ ಜೀವದ ಪ್ರಶ್ನೆ ನಡೀತಿದೆ.

ಹುಬ್ಬಳ್ಳಿ: ಕೇಳಿದ್ದು ತಪ್ಪೇನ್ರಿ? ಇಷ್ಟ್ಯಾಕ ಸಿಟ್ಟು?

ಶಿವಮೊಗ್ಗ: ಕ್ಯಾಟ್ 6ಆ, 7ಆ ಸಾರ್?

ವೈರಿಂಗ್‌ನವರು: ಮೇಲೆ ಹೇಳಿದ್ದೀನಿ.

ತುಮಕೂರು: ಪ್ರೊಜೆಕ್ಟರ್ ಗೋಡೆ ಬಣ್ಣ...?

ಸಾಗರ: ಎಲೆಕ್ಟ್ರಿಷಿಯನ್ ಬಂದು ತುಂಡು ವೈರ್ ತೆಗೆದ್ರು. ಗುಂಡಿ ತೋಡ್ತಾ ಇದಾರೆ. ಅಪ್ಪಯ್ಯ ಸದ್ಯಕ್ಕೆ ದೊಡ್ಡ ಮನೇಲೇ ಟಿವಿ ನೋಡ್ತಾರೆ.

ವೈರಿಂಗ್‌ನವರು: ಆರ್‌ಸಿಸಿಬಿ ಕೂರಿಸಿದ ಮೇಲೆ ಟೆಸ್ಟ್ ಬಟನ್ ಒತ್ತಿ. ಅದು ತಾನೇ ಆಫ್ ಆಗದಿದ್ರೆ ಇಲ್ಲಿ ತಿಳಿಸಿ.

ಹಾಸನ, 30×40 ಸೈಟು: ಸಾರ್, ನಾಳೆ ಬೆಳಗ್ಗೆ ಕಾಂಕ್ರೀಟ್. ಕಂಬಿ ಮೇಲೆ ಪೈಪ್ ಕಟ್ಟಿದ್ದರ ಫೋಟೊ ಹಾಕಿದ್ದೀನಿ. ಒಂದ್ಸಲ ನೋಡ್ತೀರಾ?

ವೈರಿಂಗ್‌ನವರು: ಎಡಗಡೆ ರೂಮಿನ ಪೈಪಿಗೆ ಎಲ್ಬೋ ಹಾಕಿದ್ದಾರೆ, ಬೆಂಡ್ ಮಾಡಿಸಿ. ಮಧ್ಯದ ಪೈಪಿನ ಬಾಯಿಗೆ ಟೇಪ್ ಇಲ್ಲ. ಕಾಂಕ್ರೀಟ್ ಹಾಕೋ ಮುಂಚೆ ಮೂರೂ ಪೈಪಲ್ಲಿ ಜಿಐ ತಂತಿ ಹಿಂದೆ ಮುಂದೆ ಜಗ್ಗಿ ನೋಡಿ. ಗೋಡೆಯಿಂದ ಪೈಪಿಗೆ ಎಷ್ಟು ಅಡಿ ಅಂತ ಅಳತೆ ಟೇಪ್ ಹಿಡಿದು ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಫ್ಯಾನ್‌ಗೆ ಡ್ರಿಲ್ ಹಾಕೋವಾಗ ಬೇಕಾಗುತ್ತೆ.

ಹಾಸನ, 30×40 ಸೈಟು: ಲೈಟ್ ಹಿಡ್ಕೊಂಡು ಈಗಲೇ ಹತ್ತುತ್ತಿದ್ದೀನಿ ಸಾರ್.