ಶಾಲಾ ಸಮವಸ್ತ್ರ ಕಡ್ಡಾಯ ಬೇಕೇ? ಬೇಕೆನ್ನುವವರು ಬಿಲ್ಲನ್ನೂ ನೋಡಿ

ಇಬ್ಬರು ಹೆಣ್ಣುಮಕ್ಕಳ ತಾಯಿ
ನನ್ನ ಮಕ್ಕಳು ಓದುವ ಖಾಸಗಿ ಶಾಲೆ ಈ ವರ್ಷ ಸಮವಸ್ತ್ರದ ಬಣ್ಣವನ್ನೇ ಬದಲಿಸಿದೆ. ಮೂರು ವರ್ಷದ ಹಿಂದಷ್ಟೇ ಒಮ್ಮೆ ಬದಲಿಸಿತ್ತು. ದೊಡ್ಡವಳ ಲಂಗ ಚಿಕ್ಕವಳಿಗೆ ಆಗುತ್ತದೆ ಎಂದು ಒಗೆದು, ಇಸ್ತ್ರಿ ಮಾಡಿ ಎತ್ತಿಟ್ಟಿದ್ದೆ. ಈಗ ಅದು ಯಾರಿಗೂ ಬೇಡ. ದಿನನಿತ್ಯಕ್ಕೆ ಎರಡು ಜೊತೆ, ಬುಧವಾರಕ್ಕೆ ಬಣ್ಣದ ಟಿ-ಶರ್ಟ್, ಶನಿವಾರಕ್ಕೆ ಬಿಳಿ, ಮೇಲೆ ಸ್ವೆಟರ್, ಟೈ, ಬೆಲ್ಟ್. ಶಾಲೆಯವರು ಹೇಳಿದ ಒಂದೇ ಅಂಗಡಿಯಲ್ಲಿ ತರಬೇಕು. ಇಬ್ಬರಿಗೂ ಸೇರಿ 11,400 ರೂಪಾಯಿ ಆಯಿತು. ಸಮಾನತೆಯ ಹೆಸರಿನಲ್ಲಿ ನಡೆಯುವ ಈ ವ್ಯಾಪಾರ ಸಾಕು. ಸಮವಸ್ತ್ರ ಕಡ್ಡಾಯ ಮಾಡುವ ಅಧಿಕಾರ ಯಾವ ಶಾಲೆಗೂ ಇರಬಾರದು.

ಹಳ್ಳಿ ಮೇಷ್ಟ್ರು
"ಯಾವ ಶಾಲೆಗೂ" ಎಂದು ಬರೆದುಬಿಟ್ಟಿರಲ್ಲ ತಾಯಿ, ಒಮ್ಮೆ ನಮ್ಮ ಶಾಲೆಗೆ ಬನ್ನಿ. ರಾಯಚೂರು ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆ, 62 ಮಕ್ಕಳು. ಜೂನ್ ಮೊದಲ ವಾರ, ಸಮವಸ್ತ್ರ ಇನ್ನೂ ಬಂದಿರುವುದಿಲ್ಲ. ಆಗ ಬಾಗಿಲಲ್ಲಿ ನಿಂತರೆ ಸಾಕು, ಯಾರು ಜಮೀನುದಾರರ ಮಗು, ಯಾರು ಕೂಲಿಯವರ ಮಗು ಎಂದು ಕಣ್ಣಿಗೆ ಹೊಡೆಯುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಮೂರು ದಿನ ಬರಲಿಲ್ಲ. ಮನೆಗೆ ಹೋಗಿ ಕೇಳಿದರೆ ಫ್ರಾಕಿನ ಬೆನ್ನು ಹರಿದಿತ್ತು. ಸಮವಸ್ತ್ರ ಕೈಗೆ ಸಿಕ್ಕಿದ ಮರುದಿನ ಮೊದಲ ಬೆಂಚಿನಲ್ಲಿ ಕುಳಿತಿದ್ದಳು. ಇದು ವ್ಯಾಪಾರವೇ? ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತಿದೆ.

ವಕೀಲರ ಕೋಣೆ
ಮೂಲ ದೂರಿಗೆ ಉತ್ತರ ಕಾನೂನಿನಲ್ಲೇ ಇದೆ. ಕರ್ನಾಟಕ ಶಿಕ್ಷಣ ಸಂಸ್ಥೆಗಳ 1995ರ ನಿಯಮಗಳಲ್ಲಿ 11ನೆಯ ನಿಯಮ ಓದಿ. ಶಾಲೆ ತನ್ನ ಸಮವಸ್ತ್ರವನ್ನು ತಾನೇ ನಿಗದಿ ಮಾಡಬಹುದು. ಆದರೆ ಒಮ್ಮೆ ನಿಗದಿಯಾದದ್ದನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ತಿಳಿಸಬೇಕು. ಮೂರೇ ವರ್ಷಕ್ಕೆ ಬದಲಿಸಿದ್ದರೆ ಅದು ನಿಯಮಭಂಗ. ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಿ. ಸಮವಸ್ತ್ರವನ್ನೇ ಏಕೆ ದೂರುತ್ತೀರಿ?

ತುಂಗಾತೀರ
"ತಾನೇ ನಿಗದಿ ಮಾಡಬಹುದು" ಎಂದು ನೀವೇ ಬರೆದಿದ್ದೀರಿ. ಅಲ್ಲೇ ಇರುವುದು ತೊಂದರೆ. ಸಮವಸ್ತ್ರದಿಂದ ಕಲಿಕೆ ಸುಧಾರಿಸುತ್ತದೆ ಎಂಬುದಕ್ಕೆ ಆಧಾರ ಎಲ್ಲಿದೆ? ಅಮೆರಿಕದ ಸಮಾಜಶಾಸ್ತ್ರಜ್ಞರಾದ ಬ್ರನ್ಸ್‌ಮಾ ಮತ್ತು ರಾಕೆಮೋರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಜರಾತಿ, ನಡತೆ, ಮಾದಕ ವಸ್ತು ಸೇವನೆ ಯಾವುದರ ಮೇಲೂ ಸಮವಸ್ತ್ರದ ನೇರ ಪರಿಣಾಮ ಕಾಣಲಿಲ್ಲ.

ಜಯನಗರ ನಿವಾಸಿ
ಅಮೆರಿಕವನ್ನೇ ತಂದಿದ್ದೀರಿ, ಹಾಗಾದರೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಅನ್ನು ಏಕೆ ಬಿಟ್ಟಿರಿ? 1994ರಲ್ಲಿ ಅಲ್ಲಿ ಕಡ್ಡಾಯ ಮಾಡಿದ ಮೇಲೆ ಶಾಲೆಗಳಲ್ಲಿ ಅಪರಾಧ ಇಳಿಯಿತೆಂದು ವರದಿಯಾಯಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ತಮ್ಮ ಭಾಷಣದಲ್ಲೇ ಸಮವಸ್ತ್ರದ ಪರ ಮಾತನಾಡಿದರು.

ತುಂಗಾತೀರ
ಲಾಂಗ್ ಬೀಚ್‌ನಲ್ಲಿ ಅದೇ ಹೊತ್ತಿಗೆ ಬೇರೆ ಸುಧಾರಣೆಗಳೂ ನಡೆದಿದ್ದವು. ಭಾಷಣವನ್ನು ಪುರಾವೆ ಎಂದು ಕೊಡಬೇಡಿ.

ಕೂಡ್ಲಿಗಿ ರೈತ
ಅಮೆರಿಕ ಪಕ್ಕಕ್ಕಿರಲಿ. ಮೇಷ್ಟ್ರು "ಉಚಿತ" ಎಂದಿದ್ದಾರೆ, ಅದಕ್ಕೆ ಉತ್ತರ ಕೊಡುತ್ತೇನೆ. ನನ್ನ ಇಬ್ಬರು ಮಕ್ಕಳಿಗೆ ಶಾಲೆಯಲ್ಲಿ ಬಟ್ಟೆ ಕೊಟ್ಟರು. ಬಟ್ಟೆ ಮಾತ್ರ! ಅದನ್ನು ಮಗು ಸುತ್ತಿಕೊಂಡು ಹೋಗುವುದಕ್ಕಾಗುತ್ತದೆಯೇ? ಒಬ್ಬೊಬ್ಬರ ಅಂಗಿ, ಚಡ್ಡಿಗೆ 350ರಂತೆ 700 ರೂಪಾಯಿ ಹೊಲಿಗೆ ಕೂಲಿ. ಅದು ನನ್ನ ಎರಡು ದಿನದ ದುಡಿಮೆ. ಜೂನ್ ಬಂತೆಂದರೆ ದರ್ಜಿಗಳು ಸುಲಿಗೆಗೆ ಕೂರುತ್ತಾರೆ.

ಕತ್ತರಿ ಕೆಲಸ
ನಾನು ದಾವಣಗೆರೆಯಲ್ಲಿ 26 ವರ್ಷದಿಂದ ಹೊಲಿಯುತ್ತಿದ್ದೇನೆ. "ಸುಲಿಗೆ" ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಒಂದು ಅಂಗಿಗೆ ಕಾಲರ್, ಪಟ್ಟಿ, ಜೇಬು, ಆರು ಕಾಜಾ, ಆರು ಗುಂಡಿ. ಚಡ್ಡಿಗೆ ಜಿಪ್, ಹುಕ್ಕು, ಸೊಂಟಪಟ್ಟಿ, ಒಳಗೆ ಜೇಬಿನ ಬಟ್ಟೆ. ದಾರ, ಗುಂಡಿ, ಕ್ಯಾನ್ವಾಸ್ ಎಲ್ಲವೂ ನನ್ನ ಕೈಯಿಂದ. ಮಗು ಬೆಳೆಯುತ್ತದೆ ಎಂದು ಅಂಚಿನಲ್ಲಿ ಎರಡು ಇಂಚು ಒಳಗೆ ಮಡಿಸಿಡುತ್ತೇನೆ. ಮುಂದಿನ ವರ್ಷ ಅದನ್ನು ಬಿಚ್ಚಿ ಉದ್ದ ಮಾಡಿಕೊಡುವುದಕ್ಕೆ ಕಾಸು ಕೇಳುವುದಿಲ್ಲ. ಸಿದ್ಧ ಉಡುಪಿನಲ್ಲಿ ಯಾರು ಬಿಡುತ್ತಾರೆ ಆ ಎರಡು ಇಂಚು?

ಕೂಡ್ಲಿಗಿ ರೈತ
ಎರಡು ಇಂಚಿನ ಕಥೆ ಹೇಳಬೇಡಿ. ನಮ್ಮ ಊರಿನ ದರ್ಜಿ ಆಗಸ್ಟ್ 15ಕ್ಕೂ ಕೊಡಲಿಲ್ಲ. ಧ್ವಜಾರೋಹಣಕ್ಕೆ ನನ್ನ ಮಗ ಹಳೆಯ ಅಂಗಿಯಲ್ಲಿ ಹಿಂದಿನ ಸಾಲಿನಲ್ಲಿ ನಿಂತ.

ಕತ್ತರಿ ಕೆಲಸ
ಬಟ್ಟೆ ನಮ್ಮ ಕೈಗೆ ಯಾವಾಗ ಬಂತು ಎಂಬುದನ್ನೂ ಬರೆಯಿರಿ. ಜುಲೈ ಕೊನೆಗೆ ಇಡೀ ಊರಿನ ಬಟ್ಟೆ ಒಂದೇ ವಾರದಲ್ಲಿ ಬಂದು ಬೀಳುತ್ತದೆ. ನನ್ನ ಅಂಗಡಿಯಲ್ಲಿ ಎರಡು ಯಂತ್ರ, ನಾನು, ನನ್ನ ಹೆಂಡತಿ. ರಾತ್ರಿ ಒಂದು ಗಂಟೆಯವರೆಗೆ ಕುಳಿತಿದ್ದೇವೆ. ಹಣ ಇಲ್ಲದವರಿಗೆ ಬರೆದಿಟ್ಟುಕೊಂಡು ಕೊಟ್ಟಿದ್ದೇವೆ. ಆ ಪುಸ್ತಕ ಇನ್ನೂ ಇದೆ.

ಜಯನಗರ ನಿವಾಸಿ
ಹೊಲಿಗೆಯ ಮಾತು ಎಷ್ಟು ಹೊತ್ತು? 2022ರ ಮಾರ್ಚ್ 15ರಂದು ಹಿಜಾಬ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ತ್ರಿಸದಸ್ಯ ಪೀಠವೇ ಸಮವಸ್ತ್ರ ನಿಗದಿ ಮಾಡುವುದು ಸಮಂಜಸ ನಿರ್ಬಂಧ ಎಂದು ಹೇಳಿದೆ. ಅಲ್ಲಿಗೆ ಚರ್ಚೆ ಮುಗಿಯಿತು.

ತುಂಗಾತೀರ
ಮುಗಿದಿಲ್ಲ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅರ್ಧ ಮಾತ್ರ ಹೇಳಿ ಬಾಗಿಲು ಹಾಕಬೇಡಿ.

ಇಬ್ಬರು ಹೆಣ್ಣುಮಕ್ಕಳ ತಾಯಿ
ಆ ಪ್ರಕರಣವನ್ನು ಇಲ್ಲಿಗೆ ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಾನು ಕೇಳಿದ್ದು 11,400 ರೂಪಾಯಿಯ ಬಗ್ಗೆ.

ಹಳ್ಳಿ ಮೇಷ್ಟ್ರು
ರೈತಣ್ಣ, ಬಟ್ಟೆ ತಡವಾದದ್ದು ನಿಜ ಇರಬಹುದು. ಆದರೆ "ಬಟ್ಟೆ ಮಾತ್ರ" ಎಂದು ಹಗುರವಾಗಿ ಹೇಳಬೇಡಿ. ಸರ್ಕಾರ ಉಚಿತ ಸಮವಸ್ತ್ರ ಕೊಡುವ ವಿದ್ಯಾವಿಕಾಸ ಯೋಜನೆಯ ಬಟ್ಟೆಯಲ್ಲಿ ಒಂದು ಪಾಲನ್ನು ಕೈಮಗ್ಗ ನಿಗಮದ ನೇಕಾರರು ನೇಯ್ದು ಕೊಟ್ಟಿದ್ದಾರೆ. ಅವರ ಮನೆಯ ಒಲೆಯೂ ಅದರಿಂದಲೇ ಉರಿದಿದೆ.

ಕೂಡ್ಲಿಗಿ ರೈತ
ನೇಕಾರರ ಒಲೆ, ದರ್ಜಿಯ ದೀಪ, ಎಲ್ಲವೂ ಉರಿಯಲಿ. ಕೂಲಿ ಯಾರು ಕೊಡಬೇಕು? ಅದನ್ನು ಒಬ್ಬರೂ ಹೇಳಿಲ್ಲ.

ವಕೀಲರ ಕೋಣೆ
ಸರ್ಕಾರವೇ ಕೊಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅಡಿಯಲ್ಲಿ ಎರಡು ಜೊತೆ ಸಮವಸ್ತ್ರ ಕೊಡಲೇಬೇಕೆಂದು ವಿದ್ಯಾರ್ಥಿಯೊಬ್ಬನ ಪರವಾದ ಅರ್ಜಿಯಲ್ಲಿ 2019ರಲ್ಲೇ ನಮ್ಮ ಹೈಕೋರ್ಟ್ ಆದೇಶಿಸಿದೆ. ಪಾಲನೆಯಾಗದೆ 2023ರಲ್ಲಿ ನ್ಯಾಯಾಂಗ ನಿಂದನೆಯ ವಿಚಾರಣೆಯೂ ನಡೆಯಿತು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಎರಡು ಜೊತೆಗೆ ಮಗುವೊಂದಕ್ಕೆ 600 ರೂಪಾಯಿ ನಿಗದಿಯಾಗಿದೆ.

ಕತ್ತರಿ ಕೆಲಸ
600 ಎಂದಿರಿ ವಕೀಲರೇ. ಎರಡು ಜೊತೆಗೆ! ಅಂದರೆ ಬಟ್ಟೆ, ದಾರ, ಗುಂಡಿ, ಕೂಲಿ ಎಲ್ಲ ಸೇರಿ ಜೊತೆಗೆ 300. ಅದರಲ್ಲಿ ಬಟ್ಟೆಗೆ ಎಷ್ಟು, ನನಗೆ ಎಷ್ಟು? ಈ ಲೆಕ್ಕ ಮಾಡಿದವರು ಒಂದು ಕಾಜಾ ಹೊಲಿದು ನೋಡಲಿ. ಸುಲಿಗೆ ಮಾಡಿದವನು ನಾನಂತೆ.

ಕೂಡ್ಲಿಗಿ ರೈತ
ನಿಮ್ಮೊಬ್ಬರನ್ನು ನಾನು ಅಂದಿಲ್ಲ. ಆದರೆ ಜೂನ್‌ನಲ್ಲಿ ದರ ಏರುವುದು ಸುಳ್ಳೇ? ಹೌದು ಅಥವಾ ಇಲ್ಲ ಎನ್ನಿ.

ಕತ್ತರಿ ಕೆಲಸ
ನನ್ನ ಅಂಗಡಿಯಲ್ಲಿ ಏರುವುದಿಲ್ಲ. ಬೇರೆಯವರ ಲೆಕ್ಕ ನನ್ನನ್ನು ಕೇಳಬೇಡಿ.

ಜಯನಗರ ನಿವಾಸಿ
ನೋಡಿ, "ಬೇರೆಯವರ ಲೆಕ್ಕ" ಎಂದರೆ ಏರುತ್ತದೆ ಎಂದೇ ಅರ್ಥ.

ಕತ್ತರಿ ಕೆಲಸ
ನೀವು ಜೀವನದಲ್ಲಿ ಒಮ್ಮೆಯಾದರೂ ಮಗುವಿನ ಅಳತೆ ತೆಗೆದಿದ್ದೀರಾ? ಹೊಸ ಬಟ್ಟೆ ಎಂದು ಅದು ಉಸಿರು ಬಿಗಿಹಿಡಿದು ನಿಲ್ಲುತ್ತದೆ. "ಉಸಿರು ಬಿಡು ಕಂದ" ಎಂದು ಹೇಳಿ ಮತ್ತೆ ಟೇಪು ಹಿಡಿಯಬೇಕು. ಅದನ್ನು ಕಂಡವರು ನನ್ನ ಕೆಲಸವನ್ನು ಹೀಗೆ ಅಳೆಯುವುದಿಲ್ಲ.

ತುಂಗಾತೀರ
ಎಲ್ಲರೂ ಖರ್ಚಿನ ಮಾತನ್ನೇ ಆಡುತ್ತಿದ್ದೀರಿ. ತೀರ್ಥಹಳ್ಳಿಯ ಮಳೆಯಲ್ಲಿ ಒಗೆದ ಸಮವಸ್ತ್ರ ಎರಡು ದಿನಕ್ಕೂ ಒಣಗುವುದಿಲ್ಲ. ಒಂದೇ ಜೊತೆ ಇರುವ ಮಗು ಹಸಿಯದನ್ನೇ ಹಾಕಿಕೊಂಡು ಹೋಗುತ್ತದೆ. ಬಣ್ಣದ ಬಟ್ಟೆಯಲ್ಲಿ ಬಂದರೆ ಪ್ರಾರ್ಥನೆಯ ಹೊತ್ತಿನಲ್ಲಿ ಹೊರಗೆ ನಿಲ್ಲಿಸುತ್ತಾರೆ. ಕಡ್ಡಾಯ ಎಂಬ ಪದ ನನಗೆ ನೆನಪಿಸುವುದು ಅದನ್ನು.

ಹಳ್ಳಿ ಮೇಷ್ಟ್ರು
"ಹೊರಗೆ ನಿಲ್ಲಿಸುತ್ತಾರೆ" ಎಂದು ಎಲ್ಲ ಶಿಕ್ಷಕರ ತಲೆಗೆ ಕಟ್ಟಬೇಡಿ. 19 ವರ್ಷದಲ್ಲಿ ಬಟ್ಟೆಯ ಕಾರಣಕ್ಕೆ ನಾನು ಒಂದು ಮಗುವನ್ನೂ ಹೊರಗೆ ನಿಲ್ಲಿಸಿಲ್ಲ.

ತುಂಗಾತೀರ
ನನ್ನನ್ನು ನಿಲ್ಲಿಸಿದ್ದರು ಮೇಷ್ಟ್ರೇ. ಐದನೆಯ ತರಗತಿ. ಅಂದು ಇಡೀ ದಿನ ಮಳೆ.

ವಕೀಲರ ಕೋಣೆ
ತಾಯಿ, ದೂರು ಕೊಟ್ಟಿರಾ? ಹಿಂದಿನ ಬಾರಿ ಬದಲಿಸಿದಾಗಿನ ಸುತ್ತೋಲೆ ಇದ್ದರೆ ಅದರ ಪ್ರತಿ ಮತ್ತು ಅಂಗಡಿಯ ಬಿಲ್ಲು ಎರಡನ್ನೂ ಲಗತ್ತಿಸಿ.

ಇಬ್ಬರು ಹೆಣ್ಣುಮಕ್ಕಳ ತಾಯಿ
ಸುತ್ತೋಲೆ ಸಿಕ್ಕಿದೆ, ದಿನಾಂಕವೂ ಸ್ಪಷ್ಟವಾಗಿದೆ. ಸೋಮವಾರ ಕಚೇರಿಗೆ ಹೋಗುತ್ತೇನೆ. ಆದರೆ ಐದು ವರ್ಷಕ್ಕೊಮ್ಮೆ ಬದಲಿಸಿದರೆ ಸರಿ ಎಂದು ನಾನು ಒಪ್ಪಿದ್ದೇನೆ ಎಂದು ಬರೆದುಕೊಳ್ಳಬೇಡಿ.

ಕೂಡ್ಲಿಗಿ ರೈತ
ಕತ್ತರಿ ಕೆಲಸದವರೇ, ಜಿಪ್ ನಿಮ್ಮದೇ ಎಂದಿರಿ. ನಮ್ಮ ಊರಿನಲ್ಲಿ ಅದಕ್ಕೆ ಬೇರೆ 20 ರೂಪಾಯಿ ತೆಗೆದುಕೊಂಡರು. ಅದಕ್ಕೇನು ಹೇಳುತ್ತೀರಿ?