1969ರ ಮಸ್ಟ್ಯಾಂಗ್: ಹಿಂಭಾಗ ಒಂದೂವರೆ ಇಂಚು ಎತ್ತಬೇಕು. ಶ್ಯಾಕಲ್ಲೋ, ಬ್ಲಾಕೋ, ಹೊಸ ಸ್ಪ್ರಿಂಗೋ?

ಮಿಶಿಗನ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಗಾಡಿ 1969ರ ಫೋರ್ಡ್ ಮಸ್ಟ್ಯಾಂಗ್ ಕಾರು, 351 ವಿಂಡ್ಸರ್ ಎಂಜಿನ್. ಹಿಂದೆ 4 ಪಟ್ಟಿಯ ಲೀಫ್ ಸ್ಪ್ರಿಂಗ್, ಬಹುಶಃ ಕಂಪನಿಯಿಂದ ಬಂದದ್ದೇ. ಟೈರು 245/60ಆರ್15. ಹಿಂಭಾಗ ಕುಸಿದು ಮೂತಿ ಮೇಲೆದ್ದಿದೆ. ಹಿಂದಿನ ಸೀಟಿನಲ್ಲಿ ಇಬ್ಬರು ಕೂತು ಗುಂಡಿಗೆ ಬಿದ್ದರೆ ಟೈರು ಫೆಂಡರ್ ಅಂಚಿಗೆ ಉಜ್ಜುತ್ತದೆ. ಒಂದೂವರೆ ಇಂಚು ಎತ್ತಿದರೆ ಸಾಕು. ಅಗ್ಗದ್ದು ಎಂದರೆ ಬ್ಲಾಕ್ (ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಇಡುವ ದಿಮ್ಮಿ) ಅಥವಾ ಉದ್ದದ ಶ್ಯಾಕಲ್ (ಸ್ಪ್ರಿಂಗ್‌ನ ಹಿಂದಿನ ತುದಿಯನ್ನು ಬಾಡಿಗೆ ತೂಗುಹಾಕುವ ಕೊಂಡಿ). ಏರ್ ಶಾಕ್ (ಗಾಳಿ ತುಂಬಿ ಎತ್ತುವ ಶಾಕ್) ಹಾಕಿ ಎನ್ನುವವರೂ ಇದ್ದಾರೆ. ಯಾವುದು ಸರಿ?

ಕಮಾನ್ ಪಟ್ಟಿ:

ಬ್ಲಾಕಿನ ಯೋಚನೆಯನ್ನು ಮೊದಲು ಬಿಡಿ. ಬಹುತೇಕ ಪಿಕಪ್ ಟ್ರಕ್ಕುಗಳಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಮೇಲೆ ಕೂರುತ್ತದೆ, ಅಲ್ಲಿ ಬ್ಲಾಕ್ ಇಟ್ಟರೆ ಬಾಡಿ ಏಳುತ್ತದೆ. ಮಸ್ಟ್ಯಾಂಗ್‌ನಲ್ಲಿ ಸ್ಪ್ರಿಂಗ್ ಇರುವುದು ಆಕ್ಸಲ್‌ನ ಕೆಳಗೆ. ನಡುವೆ ಬ್ಲಾಕ್ ತುರುಕಿದರೆ ಸ್ಪ್ರಿಂಗ್ ನೆಲದ ಕಡೆಗೆ ಇಳಿಯುತ್ತದೆ, ಅದರ ಜೊತೆಗೆ ಬಾಡಿಯೂ ಇಳಿಯುತ್ತದೆ. ಅಂಗಡಿಯಲ್ಲಿ ಅದನ್ನು ಲೋವರಿಂಗ್ ಬ್ಲಾಕ್ ಎಂದು ಮಾರುವುದು ಅದಕ್ಕೇ.

ಶ್ಯಾಕಲ್ ಲೆಕ್ಕ ಹೀಗೆ: ಸ್ಪ್ರಿಂಗ್‌ನ ಮುಂದಿನ ಕಣ್ಣು (ತುದಿಯ ಸುರುಳಿ) ಬಾಡಿಗೆ ಸ್ಥಿರ, ಹಿಂದಿನ ತುದಿ ಮಾತ್ರ ಕೆಳಗೆ ಹೋಗುತ್ತದೆ. ಶ್ಯಾಕಲ್ 1 ಇಂಚು ಉದ್ದವಾದರೆ ಆಕ್ಸಲ್ ಬಳಿ ಹೆಚ್ಚೆಂದರೆ ಅರ್ಧ ಇಂಚು ಸಿಗುತ್ತದೆ. ನಿಮ್ಮ ಒಂದೂವರೆ ಇಂಚಿಗೆ ಶ್ಯಾಕಲ್ 3 ಇಂಚು ಬೆಳೆಯಬೇಕು. ಅಷ್ಟುದ್ದದ ಶ್ಯಾಕಲ್‌ನ ಎರಡು ಬದಿಗಳು ತಿರುವಿನಲ್ಲಿ ಅಡ್ಡಡ್ಡ ಬಾಗುತ್ತವೆ, ಹಿಂಭಾಗ ಬಾಲದ ಹಾಗೆ ಆಡುತ್ತದೆ. ಅರ್ಧ ಇಂಚಿನ ಸಣ್ಣ ತಿದ್ದುಪಡಿಗೆ ಉದ್ದದ ಶ್ಯಾಕಲ್ ಪರವಾಗಿಲ್ಲ. ಅದಕ್ಕಿಂತ ಮುಂದೆ ನಾನು ಬೇಡ ಅನ್ನುತ್ತೇನೆ.

ಏರ್ ಶಾಕ್ ಇನ್ನೂ ಕೆಟ್ಟದ್ದು. ಈ ಗಾಡಿಯಲ್ಲಿ ಹಿಂದಿನ ಶಾಕ್‌ನ ಮೇಲ್ತುದಿ ಕೂರುವುದು ಡಿಕ್ಕಿಯ ನೆಲದ ತಗಡಿಗೆ. ಶಾಕ್‌ನ ಕೆಲಸ ಕುಲುಕಾಟ ತಡೆಯುವುದು, ಆ ತಗಡನ್ನು ಮಾಡಿರುವುದೂ ಅಷ್ಟಕ್ಕೇ. ಗಾಡಿಯ ತೂಕವನ್ನು ಅದರ ಮೇಲೆ ಹೇರಿದರೆ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಶುರುವಾಗುತ್ತದೆ. ಮ್ಯಾಟ್ ಕೆಳಗೆ ಇರುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಎರಡಕ್ಕೂ ಒಂದೇ ಗಾಳಿ ಪೈಪ್ ಕೊಟ್ಟಿದ್ದರೆ ತಿರುವಿನಲ್ಲಿ ಹೊರಗಿನ ಶಾಕ್‌ನ ಗಾಳಿ ಒಳಗಿನದಕ್ಕೆ ಹೋಗಿ ಗಾಡಿ ಮತ್ತಷ್ಟು ವಾಲುತ್ತದೆ.

ಕುಸಿದಿರುವುದು ಸ್ಪ್ರಿಂಗ್. ಎತ್ತರವೂ ಅಲ್ಲಿಂದಲೇ ಬರಬೇಕು. ಹಳೇ ಪಟ್ಟಿಗೆ ಮತ್ತೆ ಕಮಾನು ಕೊಡಿಸಬಹುದು, ಊರಲ್ಲಿ ಲಾರಿಗಳಿಗೆ ಮಾಡುವ ಹಾಗೆ. ಆದರೆ ಐವತ್ತು ವರ್ಷ ದಣಿದ ಉಕ್ಕನ್ನು ತಣ್ಣಗೆ ಬಗ್ಗಿಸಿದರೆ ಅದು ಮತ್ತೆ ಕುಸಿಯುತ್ತದೆ. ಹೊಸ ಜೋಡಿ ತರಿಸಿ. ಆರ್ಡರ್ ಮಾಡುವಾಗ ಒಂದು ಪದ ನೋಡಿ: ಸ್ಟ್ಯಾಂಡರ್ಡ್ ಐ. ಮಿಡ್ ಐ ಎಂದಿದ್ದರೆ ಅದರ ಕಣ್ಣು ಸುತ್ತಿರುವ ರೀತಿಯಿಂದಲೇ ಗಾಡಿ ಹತ್ತಿರ ಹತ್ತಿರ ಒಂದು ಇಂಚು ತಗ್ಗುತ್ತದೆ. ಐದು ಪಟ್ಟಿ ಇದೆಯಲ್ಲ, ಗಟ್ಟಿ ಇರುತ್ತದೆ ಎಂದು ಮಿಡ್ ಐ ತರಿಸಿ ಆಮೇಲೆ ತಲೆ ಕೆಡಿಸಿಕೊಳ್ಳುವವರು ಬಹಳ.

ಅದಕ್ಕೂ ಮೊದಲು ಅಳೆಯಿರಿ. ನೆಲದಿಂದಲ್ಲ, ಗಾಲಿಯ ನಡುವಿನಿಂದ ಫೆಂಡರ್ ಅಂಚಿನವರೆಗೆ. ಆಗ ಟೈರಿನ ಗಾತ್ರ, ಗಾಳಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಆಕ್ಸಲ್‌ಗಿಂತ ಹಿಂದಿದೆ, ತುಂಬಿದಾಗ 100 ಪೌಂಡ್‌ಗೂ ಮಿಕ್ಕ ಭಾರ. ಮೊದಲ ಸಲ ಟ್ಯಾಂಕ್ ಎಷ್ಟಿತ್ತೋ ಕೆಲಸ ಮುಗಿದ ಮೇಲೂ ಅಷ್ಟೇ ಇಟ್ಟು ಅಳೆಯಿರಿ.

ಮಿಶಿಗನ್ ಕನ್ನಡಿಗ:

ಧನ್ಯವಾದ ಸರ್. ಅಳೆದೆ, ಎಡಕ್ಕಿಂತ ಬಲ ಕಾಲು ಇಂಚು ಹೆಚ್ಚು. ಸ್ಟ್ಯಾಂಡರ್ಡ್ ಐ ಜೋಡಿಯನ್ನೇ ತರಿಸುತ್ತೇನೆ. ಕೂರಿಸುವಾಗ ಏನೇನು ನೋಡಿಕೊಳ್ಳಬೇಕು?

ಹದಿನಾಲ್ಕರ ಸ್ಪ್ಯಾನರ್:

ಕಾಲು ಇಂಚಿನ ವ್ಯತ್ಯಾಸಕ್ಕೆ ತಲೆ ಬಿಸಿ ಬೇಡ, ಹೊಸ ಜೋಡಿಯಲ್ಲಿ ಅದು ಹೋಗಬಹುದು. ಹೋಗದಿದ್ದರೆ ಮುಂದಿನ ಸ್ಪ್ರಿಂಗ್ ನೋಡಿ. ಮುಂದೆ ಒಂದು ಮೂಲೆ ಕುಸಿದರೆ ಹಿಂದೆ ಅದರ ಎದುರು ಮೂಲೆ ಏಳುತ್ತದೆ.

ಈ ಕೆಲಸದಲ್ಲಿ ಅರ್ಧ ದಿನ ತಿನ್ನುವುದು ಮುಂದಿನ ಕಣ್ಣಿನ ಬೋಲ್ಟ್. ಕಣ್ಣಿನೊಳಗಿನ ರಬ್ಬರ್ ಬುಷ್‌ನಲ್ಲಿರುವ ಉಕ್ಕಿನ ಕೊಳವೆಗೆ ಅದು ತುಕ್ಕು ಹಿಡಿದು ಅಂಟಿರುತ್ತದೆ. ನಟ್ ಬಿಚ್ಚುತ್ತದೆ, ಬೋಲ್ಟ್ ತಿರುಗುತ್ತದೆ, ಆದರೆ ಹೊರಗೆ ಬರುವುದಿಲ್ಲ, ರಬ್ಬರ್ ಮಾತ್ರ ಒಳಗೆ ಹೊರಳುತ್ತಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಆದರೂ ಬಾರದಿದ್ದರೆ ಸುತ್ತಿಗೆಯಲ್ಲಿ ಬಡಿದು ಬಾಡಿಯ ತಗಡು ಬಗ್ಗಿಸಬೇಡಿ, ಗರಗಸದಲ್ಲಿ ಬುಷ್‌ನ ಎರಡೂ ಬದಿ ಕತ್ತರಿಸಿ. ಅದಕ್ಕೇ ಬೋಲ್ಟ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್, ಶ್ಯಾಕಲ್ ಬುಷ್ ಎಲ್ಲ ಹೊಸದನ್ನೇ ಮೊದಲು ತಂದಿಟ್ಟುಕೊಂಡು ಶುರು ಮಾಡಿ.

ಸ್ಟ್ಯಾಂಡ್ ಕೊಡುವುದು ಬಾಡಿಯ ಕೆಳಗಿನ ರೈಲಿಗೆ, ಸ್ಪ್ರಿಂಗ್‌ನ ಮುಂದಿನ ಕಣ್ಣಿಗಿಂತ ಸ್ವಲ್ಪ ಮುಂದೆ. ಆಕ್ಸಲ್ ಕೆಳಗೆ ಬೇರೆ ಜಾಕ್. ಶಾಕ್ ಬಿಚ್ಚಿ, ಯು ಬೋಲ್ಟ್ ಬಿಚ್ಚಿ, ಶ್ಯಾಕಲ್, ಕೊನೆಗೆ ಮುಂದಿನ ಕಣ್ಣು. ಒಂದು ಸಲಕ್ಕೆ ಒಂದೇ ಬದಿ ಮಾಡಿದರೆ ಇನ್ನೊಂದು ಬದಿ ಆಕ್ಸಲನ್ನು ಹಿಡಿದಿರುತ್ತದೆ. ಆಕ್ಸಲ್ ಇಳಿಸುವಾಗ ಬ್ರೇಕಿನ ರಬ್ಬರ್ ಹೋಸ್ ಮೇಲೆ ಒಂದು ಕಣ್ಣಿರಲಿ. ಅದು ಬಿಗಿದರೆ ಅಲ್ಲಿಗೇ ನಿಲ್ಲಿಸಿ.

ಹೊಸದನ್ನು ಕೂರಿಸಿದ ಮೇಲೆ ಕಣ್ಣಿನ ಬೋಲ್ಟ್, ಶ್ಯಾಕಲ್ ನಟ್ ಎರಡನ್ನೂ ಕೈಯಲ್ಲಿ ತಿರುಗಿಸಿ ಬಿಡಿ, ಟೈಟ್ ಮಾಡಬೇಡಿ. ಗಾಡಿಯನ್ನು ಗಾಲಿಗಳ ಮೇಲೆ ಇಳಿಸಿ, ಡಿಕ್ಕಿಯನ್ನು ನಾಲ್ಕೈದು ಸಲ ಒತ್ತಿ ಕುಲುಕಿ, ಆಮೇಲೆ ಟೈಟ್ ಮಾಡಿ. ಗಾಡಿ ಸ್ಟ್ಯಾಂಡ್ ಮೇಲೆ ತೂಗುತ್ತಿರುವಾಗಲೇ ಟೈಟ್ ಮಾಡಿದರೆ ರಬ್ಬರ್ ಬುಷ್ ಆ ಸ್ಥಿತಿಯಲ್ಲಿ ಕಚ್ಚಿಕೊಳ್ಳುತ್ತದೆ. ಇಳಿಸಿದಾಗ ತಿರುಚಿಕೊಂಡು ಸುಳ್ಳು ಎತ್ತರ ತೋರಿಸುತ್ತದೆ, ಕೆಲ ತಿಂಗಳಲ್ಲಿ ಹರಿಯುತ್ತದೆ. ಇಳಿಸುವ ಮೊದಲು ಶ್ಯಾಕಲ್ ಕೆಳಮುಖವಾಗಿದೆಯೇ ನೋಡಿ. ಕೆಲವೊಮ್ಮೆ ಅದು ಮೇಲಕ್ಕೆ ಮಗುಚಿ ಬಾಡಿಗೆ ಒತ್ತಿಕೊಂಡಿರುತ್ತದೆ.

ಯು ಬೋಲ್ಟ್ ನಾಲ್ಕು ನಟ್‌ಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ. 50 ಮೈಲಿ ಓಡಿಸಿ ಮತ್ತೆ ನಟ್‌ಗಳ ಬಿಗಿತ (ಟಾರ್ಕ್) ನೋಡಿ. ಹೊಸ ಪಟ್ಟಿ ಮೊದಲ ಕೆಲವು ನೂರು ಮೈಲಿಗಳಲ್ಲಿ ಸ್ವಲ್ಪ ಕೂರುತ್ತದೆ. ಮೊದಲ ದಿನ ಅಂದುಕೊಂಡದ್ದಕ್ಕಿಂತ ಎತ್ತರ ಕಂಡರೆ ಗಾಬರಿಯಾಗಬೇಡಿ.

ಕಮಾನ್ ಪಟ್ಟಿ:

ಇನ್ನು ಎರಡು ಕೋನ ಉಳಿದವು.

ಮೊದಲನೆಯದು ಪಿನಿಯನ್, ಅಂದರೆ ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಆಕ್ಸಲ್‌ನ ಮೂತಿ. ಗಾಡಿ ಗಾಲಿಗಳ ಮೇಲೆ ನಿಂತಿರುವಾಗ ಡಿಜಿಟಲ್ ಗೇಜ್ ಇಟ್ಟು ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಪಿನಿಯನ್ ಮೂರರ ಕೋನ ಬರೆದುಕೊಳ್ಳಿ. ಶಾಫ್ಟ್‌ನ ಎರಡೂ ತುದಿಯ ಯೂನಿವರ್ಸಲ್ ಜಾಯಿಂಟ್‌ಗಳ ಕೋನ 3 ಡಿಗ್ರಿ ಒಳಗಿದ್ದು, ಒಂದಕ್ಕೊಂದು 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಹೈವೇ ವೇಗದಲ್ಲಿ ಸೀಟಿನ ಕೆಳಗೆ ಗುಂಯ್ ಅನ್ನುವ ನಡುಕ ಬರುತ್ತದೆ, ಅದನ್ನು ಗಾಲಿ ಬ್ಯಾಲೆನ್ಸ್ ಎಂದುಕೊಂಡು ದುಡ್ಡು ಸುರಿಯುತ್ತಾರೆ. ಸರಿಪಡಿಸಲು ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಶಿಮ್ (ಬೆಣೆಯಂಥ ತೆಳು ತುಂಡು). ದಪ್ಪ ಬದಿ ಹಿಂದೆ ಬಂದರೆ ಪಿನಿಯನ್ ಮೂತಿ ಕೆಳಗೆ, ಮುಂದೆ ಬಂದರೆ ಮೇಲೆ. ಉಕ್ಕಿನದನ್ನೇ ಕೊಳ್ಳಿ, ಅಲ್ಯೂಮಿನಿಯಂ ನಜ್ಜಾಗಿ ಯು ಬೋಲ್ಟ್ ಸಡಿಲವಾಗುತ್ತದೆ. ಶಿಮ್ ಹಾಕಿದ ಮೇಲೂ ಪಟ್ಟಿಗಳನ್ನು ಜೋಡಿಸಿರುವ ನಡುವಿನ ಬೋಲ್ಟ್‌ನ ತಲೆ ಆಕ್ಸಲ್ ಸೀಟಿನ ತೂತಿನೊಳಗೆ ಕೂರಲೇಬೇಕು. ಇಲ್ಲವಾದರೆ ಆಕ್ಸಲ್ ಹಿಂದೆ ಮುಂದೆ ಜಾರುತ್ತದೆ.

ಎರಡನೆಯದು ಮುಂದಿನ ಕ್ಯಾಸ್ಟರ್, ಅಂದರೆ ಸ್ಟೀರಿಂಗ್‌ಗೆ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಗಾಲಿಗಳ ನಡುವಿನ ಅಂತರ 108 ಇಂಚು. ಹಿಂದೆ ಒಂದೂವರೆ ಇಂಚು ಎದ್ದರೆ ಇಡೀ ಗಾಡಿ ಸುಮಾರು 0.8 ಡಿಗ್ರಿ ಮುಂದಕ್ಕೆ ಬಾಗುತ್ತದೆ, ಕ್ಯಾಸ್ಟರ್ ಅಷ್ಟೇ ಕಡಿಮೆಯಾಗುತ್ತದೆ. ಸ್ಟೀರಿಂಗ್ ಹಗುರವಾಗಿ, ನೇರ ರಸ್ತೆಯಲ್ಲಿ ಅಲೆದಾಡುತ್ತದೆ. ನಿಮ್ಮ ಗಾಡಿಯಲ್ಲಿ ಅದನ್ನು ಸ್ಟ್ರಟ್ ರಾಡ್‌ನ (ಗಾಲಿಯ ಕೆಳಗಿನ ಆರ್ಮನ್ನು ಮುಂದಿನಿಂದ ಹಿಡಿದಿರುವ ಕಂಬಿ) ಎರಡು ನಟ್‌ಗಳಿಂದ ಸರಿಮಾಡಬಹುದು: ಕೆಳಗಿನ ಆರ್ಮ್ ಮುಂದಕ್ಕೆ ಎಳೆದಷ್ಟೂ ಕ್ಯಾಸ್ಟರ್ ಹೆಚ್ಚುತ್ತದೆ. ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಮೊದಲೇ ಮಾಡಿಸಿದರೆ ದುಡ್ಡು ದಂಡ. ಹೆಡ್‌ಲೈಟ್ ಬೆಳಕೂ 25 ಅಡಿ ದೂರದ ಗೋಡೆಯ ಮೇಲೆ ಸುಮಾರು 4 ಇಂಚು ಕೆಳಗೆ ಬೀಳುತ್ತದೆ, ಅದನ್ನೂ ತಿರುಗಿಸಿ.

ಟೈರು ಉಜ್ಜುವುದರ ಬಗ್ಗೆ ಒಂದು ಮಾತು. ಎತ್ತರಿಸಿದರೆ ಟೈರು ಅಂಚಿನಿಂದ ದೂರ ಹೋಗುತ್ತದೆ ನಿಜ. ಆದರೆ ದೊಡ್ಡ ಗುಂಡಿಯಲ್ಲಿ ಆಕ್ಸಲ್ ಪೂರ್ತಿ ಮೇಲೆ ಬಂದೇ ಬರುತ್ತದೆ. ಗಾಲಿ ಹೊರಗೆ ಚಾಚಿಕೊಂಡಿದ್ದರೆ ಆಗ ಮತ್ತೆ ತಾಗುತ್ತದೆ. ಫೆಂಡರ್‌ನ ಒಳ ಅಂಚಿಗೂ ಒಳಗಿನ ಗೋಡೆಗೂ ಸೀಮೆಸುಣ್ಣ ಬಳಿದು, ಹಿಂದಿನ ಸೀಟಿಗೆ ಇಬ್ಬರನ್ನು ಕೂರಿಸಿ ಒಂದು ಸುತ್ತು ಹೋಗಿಬನ್ನಿ. ಅಂಚಿನ ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಅಂಚನ್ನು ಒಳಕ್ಕೆ ಮಡಿಸಬೇಕು. ಟೈರಿನ ಒಳಬದಿಯಲ್ಲಿ ಬಿಳಿ ಗೆರೆ ಬಿದ್ದರೆ ಟೈರು ತಾಗುತ್ತಿರುವುದು ಒಳಗಿನ ಗೋಡೆಗೆ, ಆಗ ಬದಲಿಸಬೇಕಾದ್ದು ಡಿಸ್ಕ್‌ನ ಬ್ಯಾಕ್‌ಸ್ಪೇಸಿಂಗ್ (ಅದನ್ನು ಬಿಗಿಯುವ ಮುಖದಿಂದ ಅದರ ಒಳ ಅಂಚಿಗಿರುವ ದೂರ).