ಪ್ಲೈವುಡ್ ಬಾಗಿಲಿಗೆ ತೇಗದ ಬೀಡಿಂಗ್: ಸಂದು ಬಿಡುತ್ತಿದೆ, ಏನು ಮಾಡೋದು?

ಭಾನುವಾರದ_ಬಡಗಿ
ತಲೆ ಕೆಟ್ಟು ಹೋಗಿದೆ. ಅಡುಗೆಮನೆ ಕಪಾಟಿನ ಬಾಗಿಲುಗಳಿಗೆ ನಾನೇ ತೇಗದ ಬೀಡಿಂಗ್, ಅಂದರೆ ಪ್ಲೈ ಅಂಚು ಮುಚ್ಚೋ ಮರದ ಪಟ್ಟಿ, ಹಾಕಿದೆ. ಅಂಟಿಸಿದಾಗ ಚೆನ್ನಾಗೇ ಇತ್ತು. ಈಗ ನೋಡಿದರೆ ಬೀಡಿಂಗಿಗೂ ಪ್ಲೈಗೂ ನಡುವೆ ಸಂದು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಪಾಲಿಶ್ ಅದರೊಳಗೆ ಇಳಿದು ಪೆನ್ನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿದೆ. ಒಳ್ಳೆ ಪ್ಲೈ, ಒಳ್ಳೆ ಗಮ್, ಎಲ್ಲ ಸರಿಯಾಗೇ ಮಾಡಿದ್ದೇನೆ. ಯಾಕೆ ಹೀಗೆ?

ನೀಲಿ_ಪೆನ್ಸಿಲ್
ಗಮ್ಮಿಂದೇ ಸಮಸ್ಯೆ ಗುರು. ಅಡುಗೆಮನೆಗೆ ಮಾಮೂಲಿ ಬಿಳಿ ಗಮ್ ನಡೆಯಲ್ಲ, ನೀರು ತಡೆಯೋದು ಬೇಕು.

ಭಾನುವಾರದ_ಬಡಗಿ
ಅದನ್ನೇ ಹಾಕಿದ್ದು ಸ್ವಾಮಿ.

ನೀಲಿ_ಪೆನ್ಸಿಲ್
ಹಾಗಾದರೆ ಡಬ್ಬ ಹಳೇದು. ಮೇಲೆ ಕೆನೆ ಕಟ್ಟಿತ್ತಾ ನೋಡಿದ್ರಾ? ನೀರು ಬೆರೆಸಿದ್ರಾ?

ಪುತ್ತೂರಿನಿಂದ
ಗಮ್ ಬಿಡಿ ಮಾರಾಯ್ರೆ. ತೇಗ ಒಣಗಿತ್ತಾ? ಮಳೆಗಾಲದಲ್ಲಿ ಸಾಮಿಲ್‌ನಿಂದ ತಂದು ಮರುದಿನವೇ ಅಂಟಿಸಿದರೆ ಆಮೇಲೆ ಸೊರಗದೆ ಇರುತ್ತದಾ? ನಾನು ಪಟ್ಟಿ ಸೀಳಿಸಿ ಅಟ್ಟದಲ್ಲಿ ತಿಂಗಳುಗಟ್ಟಲೆ ಇಡ್ತೇನೆ.

ಹತ್ತರಿ_ಹುಡುಗಿ
ಪಟ್ಟಿ ಸೊರಗಿದರೆ ಅಗಲ ಕಮ್ಮಿಯಾಗಿ ಪ್ಲೈಗಿಂತ ತಗ್ಗಾಗುತ್ತದೆ ಅಣ್ಣ, ಮೆಟ್ಟಿಲಿನ ಥರ ಕೈಗೆ ಸಿಗುತ್ತದೆ. ಇವರು ಹೇಳ್ತಿರೋದು ಸಂದು. ಅದು ಬೇರೆ, ಇದು ಬೇರೆ. ಬಡಗಿಯವರೇ, ಬೀಡಿಂಗ್ ಎಷ್ಟು ದಪ್ಪ? ಸಂದು ಇರೋದು ಎಲ್ಲಿ, ಮೂಲೆಯಲ್ಲಾ ಮಧ್ಯದಲ್ಲಾ?

ಕಪ್ಪು_ಪ್ಲೈ
ಮೊದಲು ಪ್ಲೈ ಯಾವುದು ಹೇಳಿ. ಐಎಸ್ 710, ಅಂದರೆ ಮರೈನ್ ಪ್ಲೈ, ಬಿಟ್ಟು ಬೇರೆ ಯಾವುದನ್ನೂ ಅಡುಗೆಮನೆಗೆ ತರಲೇಬಾರದು.

ಪುತ್ತೂರಿನಿಂದ
ಸಿಂಕ್ ಕೆಳಗೆ 710 ಸರಿ. ಮೇಲಿನ ಕಪಾಟಿಗೆ ಐಎಸ್ 303 ಬಿಡಬ್ಲ್ಯುಆರ್, ಅಂದರೆ ಕುದಿನೀರು ತಡೆಯೋ ಪ್ಲೈ, ಸಾಕು. ಸುಮ್ನೆ ದುಡ್ಡು ದಂಡ.

ಕಪ್ಪು_ಪ್ಲೈ
ನಿಮ್ಮೂರಿನ ಮಳೆಗೆ 303ಆ? ಶಿವನೇ.

ಭಾನುವಾರದ_ಬಡಗಿ
ಪ್ಲೈ ಜಗಳ ಆಮೇಲೆ ಆಡಿ. 18 ಎಂಎಂ ಪ್ಲೈ, 12 ಎಂಎಂ ಬೀಡಿಂಗ್. ಮೂಲೆಗಳು ಬಿಗಿಯಾಗಿವೆ. ಉದ್ದದ ಬದಿಯಲ್ಲಿ, ಮಧ್ಯದ ಒಂದಡಿಯಲ್ಲಿ ಮಾತ್ರ ಸಂದು. ಬೀಡಿಂಗ್ ಹಾಕಿದ ಎಲ್ಲಾ ಬಾಗಿಲಿಗೂ ಹಾಗೇ. ಅದು ಅಷ್ಟು ಮುಖ್ಯನಾ?

ಹತ್ತರಿ_ಹುಡುಗಿ
ಅದೇ ಮುಖ್ಯ! ಪ್ಲೈ ಯಾವುದರಲ್ಲಿ ಕೊಯ್ದಿರಿ?

ಭಾನುವಾರದ_ಬಡಗಿ
ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ, ಪೆನ್ಸಿಲ್ ಗೆರೆ ನೋಡಿಕೊಂಡು. ಎಲ್ಲರೂ ಹಾಗೇ ಮಾಡೋದಲ್ವಾ?

ನೀಲಿ_ಪೆನ್ಸಿಲ್
ನನಗೆ ಈಗಲೂ ಗಮ್ ಮೇಲೇ ಅನುಮಾನ.

ಹತ್ತರಿ_ಹುಡುಗಿ
ಕೈಯಲ್ಲಿ ಹಿಡಿದು ಕೊಯ್ದ ಅಂಚು ನೇರ ಇರೋದು ಕಷ್ಟ, ಮಧ್ಯದಲ್ಲಿ ಒಳಕ್ಕೆ ಹೋಗಿರುತ್ತದೆ. ಒಂದು ಚೌಕದ ಅಲ್ಯೂಮಿನಿಯಂ ಸೆಕ್ಷನ್ ಪೈಪ್ ಅಂಚಿಗೆ ಇಟ್ಟು ಹಿಂದಿನಿಂದ ಟಾರ್ಚ್ ಬಿಡಿ, ಬೆಳಕು ಎಲ್ಲಿ ತೂರಿ ಬರುತ್ತದೋ ಅಲ್ಲೇ ನಿಮ್ಮ ಸಂದು. 12 ಎಂಎಂ ತೇಗ ಕ್ಲ್ಯಾಂಪ್ ಇರುವಷ್ಟು ಹೊತ್ತು ಬಗ್ಗಿ ಕೂರುತ್ತದೆ, ಬಿಚ್ಚಿದ ಮೇಲೆ ನಿಧಾನಕ್ಕೆ ತನ್ನ ನೇರಕ್ಕೆ ವಾಪಸ್ ಬರಲು ನೋಡುತ್ತದೆ. 4 ಎಂಎಂ ಪಟ್ಟಿ ಆಗಿದ್ದರೆ ಬಳುಕಿ ಹೊಂದಿಕೊಳ್ಳುತ್ತಿತ್ತು. ಜೊತೆಗೆ ಪ್ಲೈ ಅಂಚು ಗಮ್ ಕುಡಿದುಬಿಡುತ್ತದೆ. ಒಂದು ಸಲ ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು ಮತ್ತೆ ಹಚ್ಚಬೇಕು.

ನೀಲಿ_ಪೆನ್ಸಿಲ್
ನೋಡಿದ್ರಾ, ಗಮ್ಮು!

ಭಾನುವಾರದ_ಬಡಗಿ
ಟಾರ್ಚ್ ಹಾಕಿದೆ. ಒಂದು ಬಾಗಿಲಿಗೆ ಬೀಡಿಂಗ್ ಇನ್ನೂ ಹಾಕಿರಲಿಲ್ಲ, ಅದರ ಮಧ್ಯದಲ್ಲಿ ಪೋಸ್ಟ್ ಕಾರ್ಡ್ ತೂರುವಷ್ಟು ಬೆಳಕು. ಉಳಿದವನ್ನು ಏನು ಮಾಡಲಿ? ಕಿತ್ತರೆ ಬಾಗಿಲು ಚಿಕ್ಕದಾಗಲ್ವಾ?

ಹತ್ತರಿ_ಹುಡುಗಿ
ಬೀಡಿಂಗ್ ತೆಗೆಯಿರಿ. ಅದೇ ಸೆಕ್ಷನ್ ಪೈಪನ್ನು ಬಾಗಿಲಿಗೆ ಕ್ಲ್ಯಾಂಪ್ ಮಾಡಿ, ಕಟರ್ ಅದಕ್ಕೆ ಒರಗಿಸಿಕೊಂಡು ಪ್ಲೈಯನ್ನು 3 ಎಂಎಂ ಕೊಯ್ಯಿರಿ. ಹೊಸ ಬೀಡಿಂಗ್ 15 ಎಂಎಂ ಮಾಡಿಸಿದರೆ ಅಳತೆ ಅಲ್ಲಿಗಲ್ಲಿಗೆ. ಅಗಲ ಮಾತ್ರ 20 ಇರಲಿ, ಎರಡೂ ಕಡೆ ಸ್ವಲ್ಪ ಉಬ್ಬಿ ನಿಂತರೆ ಆಮೇಲೆ ಹತ್ತರಿ ಹೊಡೆದು ಹೆರೆದು ಸಮ ಮಾಡಬಹುದು. ಮೊಳೆ ಹೊಡೆದಿಲ್ಲ ತಾನೇ?

ಭಾನುವಾರದ_ಬಡಗಿ
ಹೆಡ್‌ಲೆಸ್ ಮೊಳೆ, ಅರ್ಧ ಅಡಿಗೊಂದು.

ಪುತ್ತೂರಿನಿಂದ
ಅಯ್ಯೋ ದೇವರೆ. ಕಟರ್ ಮುಟ್ಟಬೇಡಿ, ಬ್ಲೇಡಿನ ಹಲ್ಲು ಹಾರಿ ಮುಖಕ್ಕೆ ಬರುತ್ತದೆ. ಮೊದಲು ಸಂದಿನಲ್ಲಿ ಉಳಿ ಇಟ್ಟು ಬೀಡಿಂಗ್ ಸೀಳಿ, ಮೊಳೆಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಕೀಳಿ, ಆಮೇಲೆ ಕೊಯ್ಯಿರಿ.

ಕಪ್ಪು_ಪ್ಲೈ
ಅದಕ್ಕೇ ಹೇಳೋದು ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಗರಗಸ, ಬೇಕು ಅಂತ. ನಂದು 10 ಇಂಚು ಬ್ಲೇಡ್, 60 ಹಲ್ಲು, ಕೊಯ್ದ ಅಂಚಿಗೆ ಸ್ಯಾಂಡ್ ಪೇಪರ್ ಕೂಡ ಬೇಡ. ಧೂಳು ಎಳೆಯೋಕೆ ಪೈಪ್ ಸೆಟಪ್ಪೂ ಮಾಡಿದ್ದೇನೆ, ಫೋಟೋ ಹಾಕ್ಲಾ?

ಪುತ್ತೂರಿನಿಂದ
ಹಾಕಿ ಹಾಕಿ. ಪೈಪ್ ಎಷ್ಟು ಇಂಚಿನದು?

ಕಪ್ಪು_ಪ್ಲೈ
4 ಇಂಚು ಪಿವಿಸಿ. ಮನೆಯವರು ಸಂಪಿನ ಪೈಪ್ ಅಂದುಕೊಂಡಿದ್ದರು.

ಭಾನುವಾರದ_ಬಡಗಿ
ಒಂದು ಬಾಗಿಲಿನ ಬೀಡಿಂಗ್ ಕಿತ್ತೆ, ಬಂತು. ಆದರೆ ಹಿಂಜ್ ಕಡೆ ಒಂದು ಡೌಟು: ಹಿಂಜಿನ ಬಟ್ಟಲು ಕೂರೋ 35 ಎಂಎಂ ಕಪ್ ತೂತು ಅಂಚಿನಿಂದ 5 ಎಂಎಂಗೇ ಶುರುವಾಗುತ್ತದೆ, ಅಂದರೆ ಬೀಡಿಂಗ್ ಒಳಗೇ ಹೋಗುತ್ತದೆ. 15 ಎಂಎಂ ಹಾಕಿದರೆ ಸೀಳಲ್ವಾ?

ಹತ್ತರಿ_ಹುಡುಗಿ
ಗಮ್ ಪೂರ್ತಿ ಒಣಗಿದ ಮೇಲೆ ಚೂಪಾದ ಬಿಟ್‌ನಲ್ಲಿ ನಿಧಾನಕ್ಕೆ ಕೊರೆದರೆ ಸೀಳಲ್ಲ. ಸ್ಕ್ರೂಗಳು ಒಳಗೆ ಪ್ಲೈಗೇ ಬೀಳುತ್ತವೆ. ತೂತು ಈಗಾಗಲೇ ಇದ್ಯಾ?

ನೀಲಿ_ಪೆನ್ಸಿಲ್
ಯಾವ ಗಮ್ ಅಂತ ಇನ್ನೂ ಹೇಳಿಲ್ಲ ನೀವು.